ಗಂಟಲಲ್ಲಿ ಬೀಜ ಸಿಕ್ಕಿದಾಗ: ಗುದ್ದುವುದೋ, ಓಡುವುದೋ?

ರಾಜೀವಿ, ಅಂಗನವಾಡಿ ಕಾರ್ಯಕರ್ತೆ, ಕಾಪು: ರಂಬುಟಾನ್ ಕಾಲ ಬಂತು, ಹಲಸಿನ ಬೀಜವೂ ಮನೆಮನೆಯಲ್ಲಿ ಉಂಟು. ಮಗುವಿನ ಗಂಟಲಲ್ಲಿ ಸಿಕ್ಕಿದ ಕೂಡಲೇ ಬೆನ್ನಿಗೆ ಗುದ್ದಿ ಎಂದು ತಾಯಂದಿರಿಗೆ ಹೇಳುವುದೇ ಸರಿ ಎಂದು ನನ್ನ ಅಭಿಪ್ರಾಯ. ಸುಮ್ಮನೆ ನೋಡ್ತಾ ನಿಲ್ಲುವುದಕ್ಕಿಂತ ಅದು ವಾಸಿ.

ಹರೀಶ್, ಆಂಬುಲೆನ್ಸ್ ಸಿಬ್ಬಂದಿ, ಸುರತ್ಕಲ್: ಕೂಡಲೇ ಬೇಡ ಅಕ್ಕ. ಜೋರಾಗಿ ಕೆಮ್ಮುತ್ತಾ, ಅಳುತ್ತಾ ಇದ್ದರೆ ಉಸಿರು ಆಡ್ತಾ ಉಂಟು. ಹತ್ತಿರವೇ ಇದ್ದು ಕೆಮ್ಮಲಿಕ್ಕೆ ಬಿಡಿ, ಆ ಕೆಮ್ಮಿನ ಬಲ ನಮ್ಮ ಕೈಗಿಲ್ಲ. ಹೆದರಬೇಕಾದ್ದು ಸದ್ದು ನಿಂತಾಗ. ಬಾಯಿ ತೆರೆದಿರುತ್ತದೆ, ಅಳು ಹೊರಡುವುದಿಲ್ಲ. ನಮ್ಮ ಮಕ್ಕಳ ಮೈಬಣ್ಣದಲ್ಲಿ ನೀಲಿ ಬೇಗ ಕಾಣದು, ನಾಲಿಗೆ, ಒಸಡು ನೋಡಬೇಕು.

ಶಾಲಿನಿ, ಪ್ರಥಮ ಚಿಕಿತ್ಸೆ ತರಬೇತುದಾರೆ, ಮಣಿಪಾಲ: ಸದ್ದು ನಿಂತರೆ ಮತ್ತೆ ಕಾಯಲಿಕ್ಕಿಲ್ಲ. ವರ್ಷದೊಳಗಿನ ಮಗುವನ್ನು ಮುಂಗೈ ಮೇಲೆ ಕವುಚಿ ಹಾಕಿ, ತಲೆ ಎದೆಗಿಂತ ಕೆಳಗಿರಲಿ. ದವಡೆಯನ್ನು ಬೆರಳಿಂದ ಹಿಡಿಯಿರಿ, ಕುತ್ತಿಗೆ ಒತ್ತಬೇಡಿ. ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ 5 ಪೆಟ್ಟು. ಮಗುಚಿ ಹಾಕಿ ಎದೆಮೂಳೆಯ ಕೆಳ ಅರ್ಧಕ್ಕೆ ಅದೇ ಅಂಗೈ ಬುಡದಿಂದ 5 ಸಲ ಒತ್ತಿ. ವಸ್ತು ಹೊರಬರುವವರೆಗೆ, ಇಲ್ಲವೇ ಮಗು ಪ್ರಜ್ಞೆ ತಪ್ಪುವವರೆಗೆ ಇದೇ ಸರದಿ. ಈ ವಯಸ್ಸಿನಲ್ಲಿ ಹೊಟ್ಟೆ ಒತ್ತಲೇಬಾರದು, ಪಕ್ಕೆಲುಬಿನ ಮರೆಯಿಲ್ಲದ ಲಿವರಿಗೆ ಪೆಟ್ಟಾಗುತ್ತದೆ. ವರ್ಷ ದಾಟಿದವರಿಗೆ ಬೆನ್ನಿಗೆ 5 ಪೆಟ್ಟು, ಆಮೇಲೆ ಹೊಕ್ಕುಳಿನ ಮೇಲ್ಗಡೆ ಒಳಕ್ಕೂ ಮೇಲಕ್ಕೂ 5 ಸಲ ಒತ್ತಿ.

ದಿವಾಕರ, ನರ್ಸಿಂಗ್ ಅಧ್ಯಾಪಕ, ಮಂಗಳೂರು: ಶಾಲಿನಿಯವರೇ, ಹಸುಗೂಸಿನ ಎದೆಗೆ ಎರಡು ಬೆರಳಲ್ಲವೇ? ಅಂಗೈ ಹಾಕಿದರೆ ಜಾಸ್ತಿಯಾಗದೇ?

ಶಾಲಿನಿ: ಅದು ಹಳೆಯ ಪಾಠ. ಎರಡು ಬೆರಳಲ್ಲಿ ಸಾಕಷ್ಟು ಆಳ ಸಿಗುವುದಿಲ್ಲ, ಬೆರಳೂ ಬೇಗ ಸೋಲುತ್ತದೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2025ರಲ್ಲಿ ಅದನ್ನು ಬಿಟ್ಟು, ಒಂದು ಅಂಗೈಯ ಬುಡ ಎಂದಿದೆ. ದೊಡ್ಡ ಮಕ್ಕಳಿಗೆ ಹೊಟ್ಟೆಗಿಂತ ಮೊದಲು ಬೆನ್ನು ಎಂದದ್ದೂ ಆಗಲೇ.

ರಾಜೀವಿ: ಇಷ್ಟೆಲ್ಲ ಮಾಡುವ ಹೊತ್ತಿಗೆ ರಿಕ್ಷಾದಲ್ಲಿ ಉಡುಪಿಗೆ ಓಡಬಹುದಲ್ಲ?

ಹರೀಶ್: ಕಾಪುವಿನಿಂದ ಹೆದ್ದಾರಿ 66ರಲ್ಲಿ ಕಾಲು ಗಂಟೆಯಾದರೂ ಬೇಕು. ಆಮ್ಲಜನಕ ಸಿಗದ ಮಿದುಳು ನಾಲ್ಕೈದು ನಿಮಿಷದಲ್ಲಿ ಹಾಳಾಗಲಿಕ್ಕೆ ಶುರು. ಒಬ್ಬರು 108ಕ್ಕೆ ಮಾಡಿ ಸ್ಪೀಕರ್ ಹಾಕಲಿ, ಇನ್ನೊಬ್ಬರು ಕೈ ನಿಲ್ಲಿಸಬಾರದು. ಮಗು ಪ್ರಜ್ಞೆ ತಪ್ಪಿ ಜೋತುಬಿದ್ದರೆ ಗಟ್ಟಿ ನೆಲದಲ್ಲಿ ಮಲಗಿಸಿ: ಎದೆಯ ದಪ್ಪದ ಮೂರರಲ್ಲಿ ಒಂದು ಪಾಲು ಆಳಕ್ಕೆ, ಅಂದರೆ ಹಸುಗೂಸಿಗೆ ಸುಮಾರು 4 ಸೆಂ.ಮೀ., 30 ಸಲ ಒತ್ತಿ 2 ಉಸಿರು. ಉಸಿರು ಕೊಡುವ ಮೊದಲು ಪ್ರತಿ ಸಲ ಬಾಯೊಳಗೆ ನೋಡಿ. ಕಂಡರೆ ಮಾತ್ರ ತೆಗೆಯಿರಿ. ಕಾಣದೆ ಬೆರಳು ಹಾಕಿ ತಡಕಿದರೆ ನುಣುಪಾದ ರಂಬುಟಾನ್ ಬೀಜ ಇನ್ನೂ ಒಳಗೆ ಜಾರಿ ಕೂತುಬಿಡುತ್ತದೆ.

ಮಕ್ಕಳ ವೈದ್ಯೆ, ಉಡುಪಿ: ಒಂದು ಮಾತು ಯಾರೂ ಹೇಳಲಿಲ್ಲ. ಕೆಮ್ಮು ತನ್ನಷ್ಟಕ್ಕೇ ನಿಂತರೂ, ಬೀಜ ಹೊರಬಿದ್ದದ್ದನ್ನು ಯಾರೂ ನೋಡದಿದ್ದರೆ ಕರೆದುಕೊಂಡು ಬನ್ನಿ. ನೆಲಗಡಲೆಯ ಚೂರು ಹೆಚ್ಚಾಗಿ ಬಲಗಡೆಯ ಶ್ವಾಸನಾಳಕ್ಕೆ ಇಳಿಯುತ್ತದೆ, ಅಲ್ಲಿ ನೀರು ಕುಡಿದು ಊದುತ್ತದೆ, ಅದರ ಎಣ್ಣೆಗೆ ಸುತ್ತಲ ಪೊರೆಯೂ ಬಾತುಕೊಳ್ಳುತ್ತದೆ. ಎಕ್ಸ್‌ರೇಯಲ್ಲಿ ನೆಲಗಡಲೆ ಕಾಣುವುದಿಲ್ಲ. ಎದೆಯ ಒಂದೇ ಬದಿಯಲ್ಲಿ ಸುಂಯ್ ಎಂಬ ಸದ್ದು, ವಾರವಾದರೂ ಬಿಡದ ಕೆಮ್ಮು, ಇದನ್ನು ಉಬ್ಬಸವೆಂದು ನೆಬ್ಯುಲೈಸರ್ ಇಡುತ್ತಾ ಹೋದರೆ ನ್ಯುಮೋನಿಯಾಕ್ಕೆ ತಲುಪುತ್ತದೆ. ತೆಗೆಯಲಿಕ್ಕೆ ಬ್ರಾಂಕೋಸ್ಕೋಪಿಯೇ, ಅಂದರೆ ಶ್ವಾಸನಾಳದೊಳಗೆ ನೋಡುವ ಕೊಳವೆ ಇಳಿಸುವುದೇ ಬೇಕು. ಅವತ್ತು ಮಗು ಏನು ತಿನ್ನುತ್ತಿತ್ತು ಎಂಬುದನ್ನು ನಾವು ಕೇಳುವ ಮೊದಲೇ ಹೇಳಿಬಿಡಿ.

ರಾಜೀವಿ: ಹಾಗಾದರೆ ನನ್ನ ಮಾತು ತಿದ್ದಿಕೊಳ್ಳುತ್ತೇನೆ ಡಾಕ್ಟ್ರೇ. ಕೆಮ್ಮಿದರೆ ಬಿಡಿ, ಸದ್ದು ನಿಂತರೆ ಗುದ್ದಿ ಎಂದೇ ಹೇಳುತ್ತೇನೆ. ನೆಲಗಡಲೆ ಯಾವ ವಯಸ್ಸಿನವರೆಗೆ ಬೇಡ?

ಮಕ್ಕಳ ವೈದ್ಯೆ, ಉಡುಪಿ: ಇಡೀ ಕಾಳು 5 ವರ್ಷದವರೆಗೆ ಬೇಡ, ನುಣ್ಣಗೆ ಹುಡಿ ಮಾಡಿ ಕೊಡಿ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ, ಅಡ್ಡ ಕತ್ತರಿಸಿದರೆ ದುಂಡು ಹಾಗೇ ಉಳಿಯುತ್ತದೆ. ರಂಬುಟಾನಿನ ಬೀಜ ಬಿಡಿಸಿ ಕೊಡಿ.