ಊತ ಬಂದರೆ ಒಳ್ಳೆಯದೋ? ಚರ್ಮದ ಕ್ಯಾನ್ಸರ್ ಬಗ್ಗೆ ಒಂದು ಪ್ರಶ್ನೆ

ಕುಮಟಾ ಕಡಲು: ಚಿಕ್ಕಪ್ಪನ ಕಾಲಲ್ಲಿ ಹಳೆಯ ಸುಟ್ಟ ಕಲೆ ಇದೆ. ಅದರ ಮೇಲಿನ ಹುಣ್ಣು ವರ್ಷಗಳಿಂದ ಮಾಯುತ್ತಿಲ್ಲ. ಈಗ ಅಂಚು ಗಟ್ಟಿಯಾಗಿ ಎದ್ದಿದೆ. ಸಾಣಿಕಟ್ಟಾದ ಉಪ್ಪಿನ ಆಗರದಲ್ಲಿ ಕೆಲಸ. ಕೆಂಪಗೆ ಊದಿದೆ ಅಂದರೆ ಮೈ ರೋಗದ ಜೊತೆ ಹೋರಾಡುತ್ತಿದೆ ಎನ್ನುತ್ತಾರೆ ಮನೆಯಲ್ಲಿ. ನಿಜವಾ?

ಶಿರಸಿ ತೋಟ: ಅರ್ಧ ನಿಜ. ಗಾಯ ಮಾಯಿತು, ಊತ ಇಳಿಯಿತು ಅಂದರೆ ಸರಿ. ಇಳಿಯದೆ ಉಳಿದರೆ ಹೊಸ ಜೀವಕೋಶ, ಹೊಸ ರಕ್ತನಾಳ ಬೆಳೆಯುತ್ತಲೇ ಇರುತ್ತವೆ. ಕ್ಯಾನ್ಸರಿಗೆ ಬೇಕಾದದ್ದೂ ಅದೇ. ಸುಟ್ಟ ಕಲೆಯಲ್ಲಿ, ಮಾಯದ ಹುಣ್ಣಿನಲ್ಲಿ ಹುಟ್ಟುವ ಕ್ಯಾನ್ಸರಿಗೆ ಮಾರ್ಜೊಲಿನ್ ಹುಣ್ಣು ಎಂಬ ಹೆಸರೇ ಇದೆ.

ಕಾರವಾರದವ: ಹುಟ್ಟುವುದು ಬೇರೆ, ಹರಡುವುದು ಬೇರೆ ಅಲ್ವಾ? 2018ರಲ್ಲಿ ಆಲಿಸನ್, ಹೊಂಜೊ ಇಬ್ಬರಿಗೆ ನೊಬೆಲ್ ಬಂದದ್ದು ರೋಗನಿರೋಧಕ ಶಕ್ತಿಯ ಬ್ರೇಕ್ ತೆಗೆದು ಕ್ಯಾನ್ಸರನ್ನು ಹೊಡೆಯಬಹುದು ಎಂದು ತೋರಿಸಿದ್ದಕ್ಕೆ. ಊತವನ್ನು ಸುಮ್ನೆ ಬೈಯಬೇಡಿ.

ಹೊನ್ನಾವರ ಅಕ್ಕ: ತಮ್ಮಾ, ಅಲ್ಲಿ ಕೆಲಸ ಮಾಡುವುದು ಟಿ ಕಣಗಳು. ಬಿಳಿ ರಕ್ತಕಣಗಳಲ್ಲಿ ಊತದ ಜಾಗಕ್ಕೆ ನುಗ್ಗುವ ನ್ಯೂಟ್ರೋಫಿಲ್ ಅಂತ ಬೇರೆ ಜಾತಿ ಇದೆ. 2014ರಲ್ಲಿ ಜರ್ಮನಿಯವರು ಮೆಲನೋಮಾ, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಕಣಗಳಲ್ಲಿ ಹುಟ್ಟುವ ಕ್ಯಾನ್ಸರ್, ಇದ್ದ ಇಲಿಗಳ ಚರ್ಮವನ್ನು ಅತಿನೇರಳೆ ಕಿರಣದಿಂದ ಸುಟ್ಟು ನೋಡಿದರು. ಸುಟ್ಟ ಚರ್ಮದಿಂದ ಒಂದು ಪ್ರೋಟೀನು ಹೊರಬಂತು, ನ್ಯೂಟ್ರೋಫಿಲ್‌ಗಳು ಮುತ್ತಿದವು. ಆಮೇಲೆ ಕ್ಯಾನ್ಸರ್ ಕಣಗಳು ರಕ್ತನಾಳದ ಹೊರಗೋಡೆ ಹಿಡಿದು ಸರಿದವು, ಶ್ವಾಸಕೋಶಕ್ಕೆ ಜಾಸ್ತಿ ಹರಡಿತು. ಇಲಿಯಲ್ಲಿ ಕಂಡದ್ದು ಎನ್ನುವುದು ನಿಜ. ಆದರೆ ಮನುಷ್ಯರಲ್ಲೂ ಹುಣ್ಣಾಗಿ ಒಡೆದ ಮೆಲನೋಮಾವನ್ನು ಡಾಕ್ಟರು ಹೆಚ್ಚು ಅಪಾಯದ್ದು ಎಂದೇ ಲೆಕ್ಕ ಹಾಕುತ್ತಾರೆ.

ಅಂಕೋಲಾ ಮಾವು: ಕಪ್ಪು ಚರ್ಮದ ನಮಗೆ ಇದೆಲ್ಲ ಬರುವುದಿಲ್ಲ ಮಾರಾಯ್ರೆ.

ಹೊನ್ನಾವರ ಅಕ್ಕ: ಕಡಿಮೆ ಬರುತ್ತದೆ, ಬರುವುದೇ ಇಲ್ಲ ಅಂತಲ್ಲ. ನಮ್ಮಲ್ಲಿ ಮೆಲನೋಮಾ ಅಂಗಾಲಲ್ಲಿ, ಉಗುರಿನ ಕೆಳಗೆ ಬರುವುದೇ ಹೆಚ್ಚು. ಅದಕ್ಕೆ ಬಿಸಿಲು ಬೇಕಿಲ್ಲ. ಬರಿಗಾಲಲ್ಲಿ ಓಡಾಡುವವರು ಅಂಗಾಲು ತಿರುಗಿಸಿ ನೋಡುವುದು ಅಪರೂಪ, ನನಗೆ ಸಂಕಟವಾಗುವುದು ಇದಕ್ಕೇ.

ಕಾರವಾರದವ: ಒಪ್ಪಿದೆ. ಆದರೆ ಚಿಕ್ಕಪ್ಪನದು ಮೆಲನೋಮಾ ಅಲ್ಲವಲ್ಲ.

ಶಿರಸಿ ತೋಟ: ಸುಟ್ಟ ಕಲೆಯಲ್ಲಿ ಬರುವುದು ಹೆಚ್ಚಾಗಿ ಸ್ಕ್ವಾಮಸ್ ಕ್ಯಾನ್ಸರ್, ಅಂದರೆ ಚರ್ಮದ ಮೇಲ್ಪದರದ ಚಪ್ಪಟೆ ಕಣಗಳದ್ದು. ಬಿಸಿಲಿಂದ ಬರುವ ಸ್ಕ್ವಾಮಸ್‌ಗಿಂತ ಇದು ಬೇಗ ಹರಡುತ್ತದೆ.

ಕುಮಟಾ ಕಡಲು: ಸೊಪ್ಪು ಅರೆದು ಹಚ್ಚುತ್ತಿದ್ದಾರೆ. ಊತ ಇಳಿಸುವ ಮಾತ್ರೆ ಕೊಡಲಾ?

ಹೊನ್ನಾವರ ಅಕ್ಕ: ಬೇಡ. ಊತ ಇಳಿದರೂ ಒಳಗೇನಿದೆ ಗೊತ್ತಾಗುವುದಿಲ್ಲ. ಸರ್ಜನ್ ಹತ್ತಿರ ಕರೆದೊಯ್ಯಿರಿ. ಎದ್ದ ಅಂಚಿನಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ತೊಡೆಸಂದಿಯಲ್ಲಿ ಗಂಟಿದೆಯಾ ಅಂತಲೂ ನೋಡಲು ಹೇಳಿ. ಕಾಲಿನದು ಹರಡಿದರೆ ಸಾಮಾನ್ಯವಾಗಿ ಮೊದಲು ಅಲ್ಲಿಗೇ.

ಕುಮಟಾ ಕಡಲು: ಸೋಮವಾರವೇ ಹೊರಡುತ್ತೇವೆ ಅಕ್ಕಾ. ಬಯಾಪ್ಸಿ ಮಾಡಿದರೆ ಹರಡುತ್ತದೆ ಅಂತ ಚಿಕ್ಕಮ್ಮ ಅಳುತ್ತಿದ್ದಾರೆ. ನೀವೇ ಒಮ್ಮೆ ಅವರ ಹತ್ತಿರ ಮಾತಾಡುತ್ತೀರಾ?

ಹೊನ್ನಾವರ ಅಕ್ಕ: ಸಂಜೆ ಫೋನ್ ಮಾಡಿಸಿ. ಹಾಗಾಗುವುದಿಲ್ಲ ಎಂದು ನಾನೇ ಬಿಡಿಸಿ ಹೇಳುತ್ತೇನೆ.