ವಿಂಡೋಸ್ 11ಕ್ಕೆ ಏರಿಸಿದ ಮೇಲೆ ವರ್ಚುವಲ್‌ಬಾಕ್ಸ್‌ನೊಳಗಿನ ವಿಂಡೋಸ್ 7 ಏಳ್ತಿಲ್ಲ, ಗೊತ್ತಿದ್ದವರು ಹೇಳ್ರಿ

ಗಂಗಾವತಿಯಿಂದ ಪ್ರಶ್ನೆ

ಅಣ್ಣಾರ, ನಮ್ಮ ರೈಸ್ ಮಿಲ್ಲಿನ ವೇಬ್ರಿಡ್ಜ್ ಸಾಫ್ಟ್‌ವೇರ್ ವಿಂಡೋಸ್ 7ರಾಗ ಮಾತ್ರ ನಡೀತೈತಿ. ಅದಕ್ಕಂತ ವರ್ಚುವಲ್‌ಬಾಕ್ಸ್ (ಒಂದು ಕಂಪ್ಯೂಟರಿನೊಳಗ ಇನ್ನೊಂದನ್ನ ನಡೆಸೋ ಸಾಫ್ಟ್‌ವೇರ್) ಒಳಗ ಅದನ್ನ ಇಟ್ಟೀವಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕ ಮುಗೀತಲ್ರಿ, ಸಿಸ್ಟಂಗೆ ವಿಂಡೋಸ್ 11 ಹಾಕಿದ್ವಿ, ವರ್ಚುವಲ್‌ಬಾಕ್ಸ್ ಸುದ್ದಾ 6.1ರಿಂದ 7.1 ಆತು. ಈಗ ಸ್ಟಾರ್ಟ್ ಒತ್ತಿದ್ರ ವಿಂಡೋಸ್ ಲೋಗೋ ತನಕ ಬಂದು ‘ಗುರು ಮೆಡಿಟೇಶನ್’ ಅಂತ ತೋರಿಸಿ ನಿಂತ್ಬಿಡ್ತೈತಿ. ಸಿಸ್ಟಂನ್ಯಾಗ 8 ಜಿಬಿ ರ‍್ಯಾಮ್, ಅದರಾಗ 4 ಜಿಬಿ ವಿಎಂಗೆ (ಒಳಗಿನ ಆ ವರ್ಚುವಲ್ ಕಂಪ್ಯೂಟರಿಗೆ) ಕೊಟ್ಟೀವಿ. ಭತ್ತದ ಲಾರಿ ಸಾಲಿಗೆ ನಿಂತಾವ, ತೂಕದ ಚೀಟಿ ಕೈಲೆ ಬರೀಲಿಕ್ಕತ್ತೀವಿ. ಹಳೆ ಡೇಟಾ ಮಾತ್ರ ಹೋಗಬಾರದು.

ಕೊಪ್ಪಳದಿಂದ

ವರ್ಚುವಲ್‌ಬಾಕ್ಸ್ ತೆಗೆದು ಮತ್ತೆ ಹಾಕ್ರಿ. ಹೊಸ ವಿಎಂ ಮಾಡಿ ಹಳೆ ವಿಡಿಐ ಫೈಲ್ (ಅದೇ ವಿಎಂನ ಹಾರ್ಡ್ ಡಿಸ್ಕ್) ಜೋಡಿಸಿದ್ರ ಮುಗೀತು.

ಸಿಂಧನೂರಿನಿಂದ

ಈಗಲೇ ಹಂಗ ಮಾಡಬ್ಯಾಡ್ರಿ ಸರ. ಸ್ನ್ಯಾಪ್‌ಶಾಟ್ (ವಿಎಂನ ಆ ಹೊತ್ತಿನ ಸ್ಥಿತಿ ಹಿಡಿದಿಡೋದು) ಒಂದಾದರೂ ತೆಗೆದಿದ್ದರೆ, ಅದರ ನಂತರ ಬರೆದ ತೂಕವೆಲ್ಲ ಮೂಲ ವಿಡಿಐನಲ್ಲಿ ಇರಲ್ಲ. ವಿಎಂ ಫೋಲ್ಡರಿನ ಒಳಗೆ ‘ಸ್ನ್ಯಾಪ್‌ಶಾಟ್ಸ್’ ಅಂತ ಇನ್ನೊಂದು ಫೋಲ್ಡರ್ ಇರುತ್ತೆ, ಉದ್ದನೆ ಸಂಖ್ಯೆಯ ಹೆಸರಿನ ವಿಡಿಐಗಳು ಅದರಲ್ಲಿ ಕೂತಿರ್ತಾವೆ. ಇತ್ತೀಚಿನ ಡೇಟಾ ಇರೋದು ಅಲ್ಲೇ. ಮೂಲದ್ದನ್ನಷ್ಟೇ ಹೊಸ ವಿಎಂಗೆ ಜೋಡಿಸಿ ಓಡಿಸಿದರೆ ಹಳೆ ದಿನಾಂಕದ ವಿಂಡೋಸ್ ಎದ್ದೇಳುತ್ತೆ. ಮೂಲ ಬದಲಾಗಿ ಹೋದ ಮೇಲೆ ಸ್ನ್ಯಾಪ್‌ಶಾಟ್ ಅದಕ್ಕೆ ಕೂಡಲ್ಲ.

ಇನ್ನೊಂದು ತೊಂದರೆ ಡಿಸ್ಕನ್ನು ವಿಎಂಗೆ ಜೋಡಿಸುವ ಕಂಟ್ರೋಲರಿನದು. ಹಳೆ ವಿಎಂ ಐಡಿಇ ಬಗೆಯ ಕಂಟ್ರೋಲರ್ ಮೇಲೆ ಇನ್‌ಸ್ಟಾಲ್ ಆಗಿದ್ದು, ಹೊಸದರಲ್ಲಿ ಡಿಸ್ಕ್ ಸಾಟಾ ಬಗೆಯದಕ್ಕೆ ಜೋಡಣೆಯಾದರೆ 0ಎಕ್ಸ್7ಬಿ ಸಂಖ್ಯೆಯ ನೀಲಿ ಪರದೆ ಬರುತ್ತೆ. ಡಿಸ್ಕ್ ಕೆಟ್ಟಿರಲ್ಲ, ಅದನ್ನು ಓದುವ ಡ್ರೈವರ್ ಬೂಟ್ ಹೊತ್ತಿಗೆ ಎದ್ದಿರಲ್ಲ ಅಷ್ಟೆ. ಸ್ಟೋರೇಜ್ ಸೆಟ್ಟಿಂಗಿಗೆ ಹೋಗಿ ಮೊದಲಿದ್ದ ಕಂಟ್ರೋಲರಿಗೇ ಜೋಡಿಸಿದರೆ ಸರಿಹೋಗುತ್ತೆ.

ಹಾಗಾಗಿ ಮೊದಲ ಕೆಲಸ: ವರ್ಚುವಲ್‌ಬಾಕ್ಸ್ ಪೂರ್ತಿ ಮುಚ್ಚಿ, ಇಡೀ ವಿಎಂ ಫೋಲ್ಡರನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಕಾಪಿ ಮಾಡ್ರಿ. ವಿಡಿಐ ಬೇರೆ ಡ್ರೈವಿನಲ್ಲಿದ್ದರೆ ಅದನ್ನೂ ಸೇರಿಸ್ರಿ.

ಬಳ್ಳಾರಿಯಿಂದ

ಕಾಪಿ ಆದ ಮೇಲೆ ಇದನ್ನು ನೋಡಿ. ಗುರು ಮೆಡಿಟೇಶನ್ ಬಂತು ಅಂದರೆ ಒಳಗಿನ ವಿಂಡೋಸ್ 7 ಕೆಟ್ಟಿದೆ ಅಂತ ಅರ್ಥ ಅಲ್ಲ. ಅದನ್ನು ಹೊತ್ತು ನಡೆಸುವ ವರ್ಚುವಲ್‌ಬಾಕ್ಸೇ ಮುಂದೆ ಹೋಗಲಾರದೆ ನಿಂತಿದೆ ಅಂತ. ನೀಲಿ ಪರದೆ ಬಂದರೆ ಮಾತ್ರ ಬಿದ್ದದ್ದು ಒಳಗಿನ ವಿಂಡೋಸ್. ನಿಮ್ಮದು ಮೊದಲನೆ ಜಾತಿ, ಹಾಗಾಗಿ ಹುಡುಕಬೇಕಾದ್ದು ಹೊರಗಿನ ವಿಂಡೋಸ್ 11ರಲ್ಲಿ.

ಸುಮ್ಮನೆ ಮತ್ತೆ ಮತ್ತೆ ಸ್ಟಾರ್ಟ್ ಒತ್ತಬೇಡಿ. ಪ್ರತಿ ಸಲ ಹೊಸ ಲಾಗ್ ಹುಟ್ಟಿ ಹಳೆಯದು ಹಿಂದೆ ಸರಿಯುತ್ತದೆ, ಹಿಂದಿನ ಮೂರು ಮಾತ್ರ ಉಳಿಯುತ್ತವೆ. ಒಂದು ಸಲ ಸ್ಟಾರ್ಟ್ ಮಾಡಿ, ವಿಎಂ ಕಿಟಕಿಯ ಕೆಳಗೆ ಬಲಗಡೆಯ ಪುಟ್ಟ ಐಕಾನುಗಳನ್ನು ನೋಡಿ. ಅಲ್ಲಿ ‘ವಿ’ ಅಕ್ಷರದ ಚಿಪ್ ಇರಬೇಕು. ಅದರ ಜಾಗದಲ್ಲಿ ಹಸಿರು ಆಮೆ ಕಂಡರೆ, ಪ್ರೊಸೆಸರಿನ ವಿಟಿ-ಎಕ್ಸ್ (ವಿಎಂ ನಡೆಸಲು ಇರುವ ಸೌಲಭ್ಯ) ಅನ್ನು ವಿಂಡೋಸಿನದೇ ವಿಎಂ ವ್ಯವಸ್ಥೆಯಾದ ಹೈಪರ್-ವಿ ಹಿಡಿದುಕೊಂಡಿದೆ, ವರ್ಚುವಲ್‌ಬಾಕ್ಸ್ ಅದರ ಮೂಲಕ ಸುತ್ತಿಬಳಸಿ ಹೋಗುತ್ತಿದೆ. ಆ ದಾರಿ ನಿಧಾನ, ಹಳೆ ವಿಂಡೋಸ್ ಎಷ್ಟೋ ಸಲ ಬೂಟ್ ಆಗುವಾಗಲೇ ಬೀಳುತ್ತದೆ. ವಿಎಂ ಮೇಲೆ ರೈಟ್ ಕ್ಲಿಕ್ ಮಾಡಿ ಲಾಗ್ ತೆರೆದು ‘ಎನ್‌ಇಎಂ’ (ಆ ಸುತ್ತು ದಾರಿಯ ಹೆಸರು) ಅಂತ ಹುಡುಕಿದರೆ, ವಿಟಿ-ಎಕ್ಸ್ ಸಿಗಲಿಲ್ಲ, ಎನ್‌ಇಎಂಗೆ ಇಳಿಯುತ್ತಿದ್ದೇನೆ ಎಂಬ ಸಾಲು ಇರುತ್ತದೆ.

ಬಿಡಿಸುವ ದಾರಿ: ವಿಂಡೋಸ್ ಸೆಕ್ಯುರಿಟಿ ತೆರೆದು ಡಿವೈಸ್ ಸೆಕ್ಯುರಿಟಿ, ಅದರೊಳಗೆ ಕೋರ್ ಐಸೊಲೇಶನ್, ಅಲ್ಲಿ ಮೆಮೊರಿ ಇಂಟೆಗ್ರಿಟಿ ಆಫ್ ಮಾಡಿ. ಆಮೇಲೆ ‘ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್’ನಲ್ಲಿ ಹೈಪರ್-ವಿ, ವರ್ಚುವಲ್ ಮಷೀನ್ ಪ್ಲಾಟ್‌ಫಾರ್ಮ್, ವಿಂಡೋಸ್ ಹೈಪರ್‌ವೈಸರ್ ಪ್ಲಾಟ್‌ಫಾರ್ಮ್, ವಿಂಡೋಸ್ ಸ್ಯಾಂಡ್‌ಬಾಕ್ಸ್ ಇವುಗಳ ಟಿಕ್ ತೆಗೆಯಿರಿ. ಇಷ್ಟಾದರೂ ಆಮೆ ಹೋಗದಿದ್ದರೆ, ಅಡ್ಮಿನ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟಿನಲ್ಲಿ ಬಿಸಿಡಿಎಡಿಟ್ ಬಳಸಿ ಹೈಪರ್‌ವೈಸರ್‌ಲಾಂಚ್‌ಟೈಪ್ ಅನ್ನು ಆಫ್‌ಗೆ ಸೆಟ್ ಮಾಡಿ. ಹಿಂದಕ್ಕೆ ತರಬೇಕಾದರೆ ಅದನ್ನೇ ಆಟೋಗೆ ಇಟ್ಟರಾಯಿತು. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಇದ್ದರೆ ಇದಕ್ಕೆ ಕೈ ಹಾಕುವ ಮುಂಚೆ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ, ಮರುಬೂಟಿನಲ್ಲಿ ಕೇಳಬಹುದು.

ಎಲ್ಲರೂ ಎಡವುವ ಜಾಗ ಒಂದಿದೆ. ಇಷ್ಟೆಲ್ಲ ಮಾಡಿ ಶಟ್‌ಡೌನ್ ಕೊಟ್ಟು ಮತ್ತೆ ಆನ್ ಮಾಡಿದರೆ ಸಾಲದು, ಬೇಗ ಆನ್ ಆಗಲು ಇರುವ ಫಾಸ್ಟ್ ಸ್ಟಾರ್ಟಪ್ ಇದ್ದಾಗ ಕರ್ನೆಲ್ (ವಿಂಡೋಸಿನ ತಿರುಳು) ಹಳೆಯದೇ ಎದ್ದು ಬರುತ್ತದೆ. ರೀಸ್ಟಾರ್ಟ್ ಅಂತಲೇ ಕೊಡಿ.

ಮೆಮೊರಿ ಇಂಟೆಗ್ರಿಟಿ ಇರೋದು ಕೆಟ್ಟ ಡ್ರೈವರುಗಳನ್ನು ತಡೆಯಲು. ಅದನ್ನು ಆಫ್ ಮಾಡಿದ ಸಿಸ್ಟಂನಲ್ಲಿ ಮಿಲ್ಲಿನ ಬ್ಯಾಂಕ್ ವ್ಯವಹಾರ ಮಾಡಬೇಡಿ, ಅದಕ್ಕೆ ಬೇರೆ ಸಿಸ್ಟಂ ಇಡಿ.

ರಾಯಚೂರಿನಿಂದ

ಅಪ್‌ಗ್ರೇಡಿಗೆ ಮುಂಚೆ ವಿಎಂ ಶಟ್‌ಡೌನ್ ಮಾಡಿದ್ರೋ, ‘ಸೇವ್ ಸ್ಟೇಟ್’ ಕೊಟ್ಟು ಮುಚ್ಚಿದ್ರೋ? 6.1ರಲ್ಲಿ ಸೇವ್ ಆದ ಸ್ಥಿತಿಯನ್ನು ಹೊಸ ಆವೃತ್ತಿ ಎಬ್ಬಿಸಲಾರದೆ ಎರರ್ ಕೊಡಬಹುದು. ಆಗ ‘ಡಿಸ್ಕಾರ್ಡ್ ಸೇವ್ಡ್ ಸ್ಟೇಟ್’ ಕೊಡ್ರಿ. ಅದು ಓಡುವ ಕಂಪ್ಯೂಟರಿನ ಕರೆಂಟ್ ಕಿತ್ತಂಗ: ಡಿಸ್ಕಿಗೆ ಬರೆದದ್ದು ಉಳೀತದ, ತೆರೆದಿಟ್ಟು ಸೇವ್ ಮಾಡದ ಎಂಟ್ರಿ ಹೋಗ್ತದ.

ಲೋಗೋದಲ್ಲೇ ನೀಲಿ ಪರದೆ ಬಂದು, ಅದರ ಮೇಲೆ ವಿಬಾಕ್ಸ್‌ನಿಂದ ಶುರುವಾಗುವ ಫೈಲಿನ ಹೆಸರು ಕಂಡರೆ, ಹಳೆ ಗೆಸ್ಟ್ ಅಡಿಶನ್ಸ್ (ಒಳಗಿನ ವಿಂಡೋಸಿಗೆ ಹಾಕೋ ವರ್ಚುವಲ್‌ಬಾಕ್ಸ್ ಡ್ರೈವರುಗಳು) ಮೇಲೆ ಅನುಮಾನ ಇಡ್ರಿ. ಎಫ್8 ಒತ್ತಿ ಸೇಫ್ ಮೋಡಿಗೆ ಹೋಗಿ ಅದನ್ನು ತೆಗೀರಿ, ಡಿಸ್‌ಪ್ಲೇಯಲ್ಲಿ 3ಡಿ ಆಕ್ಸಲರೇಶನ್ ಟಿಕ್ ತೆಗೀರಿ, ಸಹಜವಾಗಿ ಎದ್ದ ಮೇಲೆ ಹೊಸದು ಹಾಕ್ರಿ. ರ‍್ಯಾಮ್ ಸುದ್ದಾ ಜಾಸ್ತಿ ಆತು. 8 ಜಿಬಿಯಲ್ಲಿ ವಿಂಡೋಸ್ 11ಕ್ಕೂ ಉಸಿರಾಡಲು ಜಾಗ ಬೇಕು, ತೂಕದ ಸಾಫ್ಟ್‌ವೇರಿಗೆ 2 ಜಿಬಿ ಸಾಕು.

ಹೊರಗಿನ ಸಿಸ್ಟಂ ವಿಂಡೋಸ್ ಅಲ್ಲದೆ ಉಬುಂಟು ಲಿನಕ್ಸ್ ಇದ್ದವರಿಗೆ ಬೇರೆ ಕಥೆ. ಕರ್ನೆಲ್ ಏರಿದ ಮೇಲೆ -1908 ಎರರ್ ಬಂದರೆ ವರ್ಚುವಲ್‌ಬಾಕ್ಸಿನ ಡ್ರೈವರ್ ಆದ ವಿಬಾಕ್ಸ್‌ಡಿಆರ್‌ವಿ ಮಾಡ್ಯೂಲ್ ಲೋಡ್ ಆಗಿಲ್ಲ. ಓಡುವ ಕರ್ನೆಲ್ಲಿನ ಹೆಡರ್ಸ್, ಜಿಸಿಸಿ, ಮೇಕ್ ಹಾಕಿ ವಿಬಾಕ್ಸ್‌ಕಾನ್ಫಿಗ್ ಓಡಿಸ್ರಿ. ಸೆಕ್ಯೂರ್ ಬೂಟ್ ಆನ್ ಇದ್ದರೆ ಮಾಡ್ಯೂಲಿಗೆ ಸಹಿ ಬೇಕು. ಕರ್ನೆಲ್ 6.12ರಿಂದ ಕೆವಿಎಂ (ಲಿನಕ್ಸಿನದೇ ವಿಎಂ ವ್ಯವಸ್ಥೆ) ಲೋಡ್ ಆದ ಕೂಡಲೇ ವಿಟಿ-ಎಕ್ಸ್ ಹಿಡ್ಕೊಳ್ತದ. ಇಂಟೆಲ್ ಪ್ರೊಸೆಸರಿನಲ್ಲಿ ಕೆವಿಎಂ-ಇಂಟೆಲ್ ಮಾಡ್ಯೂಲ್ ತೆಗೆದರೆ ವಿಎಂ ಶುರು ಆಗ್ತದ.

ಗಂಗಾವತಿಯಿಂದ

ಆಮೆ ಇತ್ತು ನೋಡ್ರಿ ಬಳ್ಳಾರಿ ಅಣ್ಣಾರ! ಮೆಮೊರಿ ಇಂಟೆಗ್ರಿಟಿ ತೆಗೆದು ರೀಸ್ಟಾರ್ಟ್ ಮಾಡಿದ್ವಿ, ಚಿಪ್ ಗುರುತು ಬಂತು, ವಿಂಡೋಸ್ ಎದ್ದಿತು, ಡೇಟಾ ಎಲ್ಲಾ ಐತಿ. ಎಲ್ಲಾರಿಗೂ ದೊಡ್ಡ ನಮಸ್ಕಾರ. ಒಂದು ಉಳೀತು, ವೇಬ್ರಿಡ್ಜಿನ ತೂಕ ಒಳಗ ಬರವಲ್ದು. ಇಂಡಿಕೇಟರಿನಿಂದ (ತೂಕ ತೋರಿಸೋ ಪೆಟ್ಟಿಗೆ) ಯುಎಸ್‌ಬಿ-ಸೀರಿಯಲ್ ಕೇಬಲ್ ಹಾಕೀವಿ, ಮೊದಲು ಅದರ ಪೋರ್ಟ್ ಕಾಮ್3 ಇತ್ತು.

ಸಿಂಧನೂರಿನಿಂದ

ಹೊರಗಿನ ವಿಂಡೋಸ್ 11ರ ಡಿವೈಸ್ ಮ್ಯಾನೇಜರಿನಲ್ಲಿ ‘ಪೋರ್ಟ್ಸ್’ ತೆರೆದು ನೋಡ್ರಿ. ಕೇಬಲ್ ಈಗ ಕಾಮ್4 ಅಥವಾ 5 ಆಗಿದ್ದರೆ ಪೋರ್ಟ್ ಸೆಟ್ಟಿಂಗ್ಸ್, ಅಡ್ವಾನ್ಸ್ಡ್ ಒಳಗೆ ಕಾಮ್3 ಅಂತ ಬದಲಿಸ್ರಿ, ವಿಎಂ ಸೆಟ್ಟಿಂಗ್ ಮುಟ್ಟೋದು ಬೇಡ. ಹೆಸರಿನ ಪಕ್ಕ ಹಳದಿ ತ್ರಿಕೋನ ಇದ್ದರೆ ಕೇಬಲ್ಲಿನ ಹಳೆ ಚಿಪ್ಪನ್ನು ವಿಂಡೋಸ್ 11ರ ಡ್ರೈವರ್ ಒಪ್ಪುತ್ತಿಲ್ಲ. ಆಗ ವಿಎಂನ ಸೀರಿಯಲ್ ಪೋರ್ಟ್ ಟಿಕ್ ತೆಗೆದು, ಯುಎಸ್‌ಬಿ ಫಿಲ್ಟರಿನಲ್ಲಿ ಆ ಕೇಬಲ್ಲನ್ನೇ ನೇರ ವಿಎಂಗೆ ಕೊಟ್ಟು, ಡ್ರೈವರನ್ನು ಒಳಗಿನ ವಿಂಡೋಸ್ 7ರಲ್ಲಿ ಹಾಕ್ರಿ. ಎರಡೂ ದಾರಿ ಒಟ್ಟಿಗೆ ಇಡಬ್ಯಾಡ್ರಿ, ಒಂದೇ ಕೇಬಲ್ಲಿಗೆ ಹೊರಗಿನದೂ ಒಳಗಿನದೂ ಜಗ್ಗಾಡ್ತಾವೆ. ಒಳಗೆ ಬಂದ ಮೇಲೆ ಬಾಡ್ ರೇಟ್ (ಡೇಟಾ ಕಳಿಸೋ ವೇಗ) ಇಂಡಿಕೇಟರಿನಲ್ಲಿ ಇರುವಷ್ಟೇ ಇದೆಯಾ ನೋಡ್ರಿ. ಅದು ತಪ್ಪಿದ್ದರೆ ತೂಕದ ಜಾಗದಲ್ಲಿ ಅರ್ಥವಿಲ್ಲದ ಅಕ್ಷರ ಬರ್ತಾವೆ.