ಪದ ಬೇಕು, ಶನಿವಾರದೊಳಗೆ: ‘ವ್ಯಾಲ್ಯೂ ಅಡಿಶನ್’ಗೆ ಬೋರ್ಡಿನ ಮೇಲೆ ಏನು ಬರೆಯಲಿ?

ಸಾಗರದ ಕಡೆಯಿಂದ, ಕೇಳುತ್ತಿರುವವಳು:

ಎಲ್ಲರಿಗೂ ನಮಸ್ಕಾರ. ನಮ್ಮೂರ ಹತ್ತಿರ ಬೆಳೆಗಾರರ ಒಂದು ಸಣ್ಣ ಸಂಘ ಹೊಸ ಶೆಡ್ ಕಟ್ಟಿದೆ. ಹಲಸಿನ ಚಿಪ್ಸ್ ಕರಿಯೋದು, ಮುರುಗಲು (ಪುನರ್ಪುಳಿ) ಸಿಪ್ಪೆ ಒಣಗಿಸೋದು, ಕಾಳುಮೆಣಸು ಆರಿಸಿ ಪ್ಯಾಕ್ ಮಾಡೋದು, ಅಡಕೆ ಹಾಳೆಯಿಂದ ತಟ್ಟೆ ಒತ್ತೋದು, ಎಲ್ಲ ಅಲ್ಲಿಯೇ. ದುಡ್ಡು ಕೊಟ್ಟವರ ಕಾಗದದಲ್ಲಿ ಅದರ ಹೆಸರು ‘ವ್ಯಾಲ್ಯೂ ಅಡಿಶನ್ ಆಂಡ್ ಡೈವರ್ಸಿಫಿಕೇಶನ್ ಸೆಂಟರ್’. ಕನ್ನಡ ಮಾಡಿಕೊಡೋ ಕೆಲಸ ನನ್ನ ಪಾಲಿಗೆ ಬಂದಿದೆ.

ಯಾರೋ ಆಗಲೇ ‘ಮೌಲ್ಯವರ್ಧನೆ ಮತ್ತು ವೈವಿಧ್ಯೀಕರಣ ಕೇಂದ್ರ’ ಅಂತ ಬರೆದಿಟ್ಟಿದ್ದರು. ಬೋರ್ಡು 8 ಅಡಿ ಉದ್ದ. ಪೇಂಟರ್ ಸೀಮೆಸುಣ್ಣದಲ್ಲಿ ಗೀಚಿ ನೋಡಿದ, ‘ವೈವಿಧ್ಯೀ’ ಅನ್ನುವಷ್ಟರಲ್ಲಿ ಹಲಗೆ ಮುಗಿಯಿತು. ಪಕ್ಕದ ಜಗಲಿಯಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಅಡಕೆ ಸುಲಿಯುತ್ತಿದ್ದ ಹೆಂಗಸೊಬ್ಬರು ಅದನ್ನು ಅಕ್ಷರ ಕೂಡಿಸಿ ಓದಿದರು. “ಮೌಲ್ಯ ಅಂದ್ರೆ ಶಾಲೇಲಿ ಹೇಳಿಕೊಡ್ತಾರಲ್ಲ, ಅದಾ? ಇಲ್ಲಿ ಮಕ್ಕಳಿಗೆ ಪಾಠ ಮಾಡ್ತಾರಾ?” ಅಂತ ಕೇಳಿದರು. ನಿಜವಾಗಿಯೂ ತಿಳಿಯದೆ ಕೇಳಿದ್ದು. ನಾಳೆ ಆ ಶೆಡ್ಡಿಗೆ ಕೆಲಸಕ್ಕೆ ಬರಬೇಕಾದವರು ಅವರೇ.

ಅವರಿಗೆ ಓದಿದ ಕೂಡಲೇ ಗೊತ್ತಾಗಬೇಕು. ಅಂಥ ಪದ ಹೇಳಿ. ಪೇಂಟರ್ ಶನಿವಾರ ಬರ್ತಾನೆ.

ಬೆಂಗಳೂರಿನಿಂದ:

ಮೌಲ್ಯವರ್ಧನೆ. ಕೃಷಿ ಇಲಾಖೆಯವರು, ವಿಶ್ವವಿದ್ಯಾಲಯದವರು, ಪತ್ರಿಕೆಯವರು ಎಲ್ಲರೂ ಬಳಸುತ್ತಾರೆ. ನೆಲೆಯಾದ ಪದ. ಒಬ್ಬರಿಗೆ ಗೊತ್ತಿಲ್ಲ ಅಂತ ಪಾರಿಭಾಷಿಕ ಪದವನ್ನು ಬಿಡುವುದು ಸರಿಯಲ್ಲ. ಅಕ್ಷರ ಚಿಕ್ಕದು ಮಾಡಿಸಿ.

ಧಾರವಾಡದಿಂದ:

ಮೌಲ್ಯವೂ ಬೇಡ, ವರ್ಧನೆಯೂ ಬೇಡ. ‘ಬೆಲೆಗೂಡಿಕೆ’ ಅನ್ನಿ. ಬೆಲೆ ಕೂಡುವುದು, ಬೆಲೆಗೂಡಿಕೆ. ಗಸಡದಬ ಆದೇಶ (ಕೂಡಿಕೆಯ ‘ಕ’ ಇಲ್ಲಿ ‘ಗ’ ಆಗಿದೆಯಲ್ಲ, ಅದು) ಎಷ್ಟು ಚೆನ್ನಾಗಿ ಕೂತಿದೆ ನೋಡಿ. ಮಹಾಪ್ರಾಣ ಇಲ್ಲ, ಒತ್ತಕ್ಷರ ಇಲ್ಲ. ನಿಮ್ಮ ಪೇಂಟರಿಗೂ ಹಗುರ.

ಬೆಂಗಳೂರಿನಿಂದ:

ಬೆಲೆಗೂಡಿಕೆ ಅಂದರೆ ಓದುವವನಿಗೆ ಬೆಲೆಯೇರಿಕೆ. ಸಾಮಾನು ತುಟ್ಟಿಯಾಯಿತು ಅಂತ ತಿಳಿದುಕೊಳ್ಳುತ್ತಾರೆ. ಬೆಲೆ ಬೇರೆ, ಮೌಲ್ಯ ಬೇರೆ. ಅರ್ಥಶಾಸ್ತ್ರದ ಮೊದಲ ಪಾಠ ಇದು.

ಧಾರವಾಡದಿಂದ:

ಆ ಪಾಠ ಇಂಗ್ಲಿಷಿನದು. ಕನ್ನಡದಲ್ಲಿ ‘ಅವನ ಮಾತಿಗೆ ಬೆಲೆ ಇದೆ’ ಅಂದಾಗ ಯಾರೂ ರೂಪಾಯಿ ಎಣಿಸುವುದಿಲ್ಲ.

ಪುತ್ತೂರಿನಿಂದ:

ಇಬ್ಬರೂ ಅಂಗಳಕ್ಕೆ ಇಳಿಯದೆ ಮಾತಾಡ್ತಿದ್ದೀರಿ. ನಮ್ಮ ಕಡೆ ಬೆಲೆಯೂ ಇಲ್ಲ, ಮೌಲ್ಯವೂ ಇಲ್ಲ. ಇರೋದು ಧಾರಣೆ. ‘ಇವತ್ತು ಧಾರಣೆ ಎಷ್ಟು?’ ಅಂತಲೇ ಬೆಳಗ್ಗೆ ಪೇಪರ್ ತೆಗೆಯೋದು. ಚಾಲಿಯನ್ನು, ಅಂದರೆ ಬೇಯಿಸದೆ ಬಿಸಿಲಲ್ಲಿ ಒಣಗಿಸಿ ಸುಲಿದ ಅಡಕೆಯನ್ನು, ಆರಿಸಿ ಹೊಸತು, ಹಳತು, ಪಟೋರ, ಉಳ್ಳಿ, ಕೋಕ ಅಂತ ಬೇರೆ ಮಾಡಿದರೆ ಒಂದೊಂದಕ್ಕೂ ಒಂದೊಂದು ಧಾರಣೆ. ಹೀಗೆ ಬೇರೆ ಮಾಡೋದಕ್ಕೆ ‘ಗಾರ್ಬಲ್’ ಅಂತ ಹೆಸರು. ನಮ್ಮಜ್ಜನೂ ಅದನ್ನೇ ಹೇಳ್ತಿದ್ದರು, ಗೋಡೌನಿನ ಕೆಲಸದವರೂ ಅದನ್ನೇ ಹೇಳ್ತಾರೆ.

ಈ ಪದದ ದಾರಿ ನೋಡಿ. ಅರಬ್ಬಿಯಲ್ಲಿ ‘ಘರ್ಬಲ’ ಅಂದರೆ ಜರಡಿ ಹಿಡಿಯೋದು. ಅಲ್ಲಿಂದ ಇಟಲಿಗೆ, ಅಲ್ಲಿಂದ ಇಂಗ್ಲಿಷಿಗೆ. ಇಂಗ್ಲಿಷಿನಲ್ಲೂ ಮೊದಲು ಮಸಾಲೆ ಸಾಮಾನು ಆರಿಸಿ ಚೊಕ್ಕ ಮಾಡೋದು ಅಂತಲೇ ಅರ್ಥ ಇತ್ತು. ಮಾತು ಕಲಸುಮೇಲೋಗರ ಮಾಡೋದು ಅನ್ನೋದು ಆಮೇಲೆ ಬಂದ ಅರ್ಥ. ಮಂಗಳೂರಿನಲ್ಲಿ ಹಳೆಯ ಅರ್ಥವೇ ಉಳಿದುಕೊಂಡಿದೆ. ನನ್ನ ಅನುಮಾನ ಇನ್ನೊಂದಿದೆ. ಶಿವಮೊಗ್ಗದ ಧಾರಣೆ ಪಟ್ಟಿಯಲ್ಲಿ ‘ಗೊರಬಲು’ ಅಂತ ಒಂದು ಜಾತಿ ಬರುತ್ತದಲ್ಲ, ಅದೂ ಇದೇ ಗಾರ್ಬಲ್ ಇರಬೇಕು. ಆರಿಸಿದ ಮೇಲೆ ಉಳಿದದ್ದು ಗೊರಬಲು.

ಮೈಸೂರಿನಿಂದ:

ಗೊರಬಲು, ಗಾರ್ಬಲ್: ಸದ್ದು ಹೋಲುತ್ತದೆ ಅಷ್ಟೇ. ಸದ್ದಿನ ಹೋಲಿಕೆ ಸಾಕ್ಷಿ ಆಗುವುದಿಲ್ಲ. ಹಳೆಯ ಲೆಕ್ಕದ ಪುಸ್ತಕದಲ್ಲಿ ನಡುವಿನ ರೂಪ ತೋರಿಸಿದರೆ ಒಪ್ಪುತ್ತೇನೆ.

ಶಿರಸಿಯಿಂದ:

ಕೇಳಿದವರಿಗೆ ಶನಿವಾರದೊಳಗೆ ಪದ ಬೇಕು. ನೀವು ಅರಬ್ ದೇಶ ಸುತ್ತುತ್ತಿದ್ದೀರಿ.

ನನ್ನ ಸಲಹೆ ‘ಹಸನು’. ನಮ್ಮಲ್ಲಿ ಒಣಗಿದ್ದನ್ನು ಆರಿಸಿ, ಕೇರಿ, ಮಾರುವ ಹಾಗೆ ಮಾಡೋದಕ್ಕೆ ಹಸನು ಮಾಡೋದು ಅಂತಾರೆ. ಮೀನು ಹಸನು ಮಾಡ್ತಾರೆ, ಕಾಳು ಹಸನು ಮಾಡ್ತಾರೆ. ಧಾರವಾಡದವರು ಹೊಲ ಹಸನು ಮಾಡೋದು ಅನ್ನಲ್ವಾ? ಬೀದರಿನಿಂದ ಚಾಮರಾಜನಗರದವರೆಗೆ ಯಾರಿಗೆ ಬೇಕಾದರೂ ಗೊತ್ತಾಗುತ್ತದೆ.

ಧಾರವಾಡದಿಂದ:

ಹೊಲ ಹಸನು ಮಾಡುವುದು ನಮ್ಮ ಮಾತೇ, ಇಲ್ಲ ಅನ್ನಲ್ಲ. ಆದರೆ ಅದು ಅರಬ್ಬಿ. ಹಸನ್ ಅಂದರೆ ಒಳ್ಳೆಯದು, ಚೆಂದದ್ದು. ಸಂಸ್ಕೃತ ಬಿಟ್ಟು ಅರಬ್ಬಿ ಹಿಡಿದರೆ ಏನು ಬಂತು? ಅಚ್ಚಗನ್ನಡ ಪದ ಇರುವಾಗ ಇನ್ನೊಬ್ಬರ ಬಾಗಿಲಿಗೆ ಯಾಕೆ ಹೋಗಬೇಕು?

ಮೈಸೂರಿನಿಂದ:

ಅರಬ್ಬಿ ಅಂತ ಅಷ್ಟು ಸಲೀಸಾಗಿ ಹೇಳಬೇಡಿ. ಸಂಸ್ಕೃತ ಪ್ರಸನ್ನ, ಪ್ರಾಕೃತ ಪಸನ್ನ. ಪಾಲು ಹಾಲಾದ ದಾರಿಯಲ್ಲೇ ಇದೂ ಹಸನ, ಹಸನು ಆಗಿರಬಹುದು. ಪ್ರಸನ್ನ ಅಂದರೆ ತಿಳಿಯಾದದ್ದು, ಕೊಳೆ ಇಳಿದದ್ದು. ಕಾಳು ಹಸನು ಮಾಡುವ ಅರ್ಥಕ್ಕೆ ಇದು ಜಾಸ್ತಿ ಹತ್ತಿರ.

ಧಾರವಾಡದಿಂದ:

ಎರಡರಲ್ಲಿ ಯಾವುದಾದರೂ ಆಗಲಿ, ಕನ್ನಡದ್ದಲ್ಲ.

ಬೆಂಗಳೂರಿನಿಂದ:

ಮೂಲದ ಮಾತು ಬಿಡಿ. ಅರ್ಥ ನೋಡಿ. ಹಸನು ಅಂದರೆ ಚೊಕ್ಕ ಮಾಡುವುದು. ಹಲಸಿನ ತೊಳೆ ಎಣ್ಣೆಯಲ್ಲಿ ಕರಿದರೆ ಅದು ಹಸನು ಮಾಡಿದ ಹಾಗಾ? ಹಾಳೆ ತಟ್ಟೆ ಒತ್ತಿದರೆ ಹಸನಾ? ವ್ಯಾಲ್ಯೂ ಅಡಿಶನ್ ಅನ್ನುವ ಕಲ್ಪನೆಯೇ ಹೊಸದು. ಹೊಸ ಕಲ್ಪನೆಗೆ ಹೊಸ ಪದ ಬೇಕು.

ಸಾಗರದ ಕಡೆಯಿಂದ, ಕೇಳಿದವಳು:

ಕಲ್ಪನೆ ಹೊಸದು ಅನ್ನೋ ಮಾತು ನನಗೆ ಚುಚ್ಚಿತು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಒಂದು ಕ್ವಿಂಟಲ್ ಹಸಿ ಅಡಕೆ ಕೊಯ್ದು ತಂದರೆ ಕೈಗೆ ಸಿಗೋದು 12-13 ಕೆಜಿ ಒಣ ಅಡಕೆ. ನಡುವೆ ಸುಲಿಯಬೇಕು, ಬೇಯಿಸಬೇಕು, ಬೇಯಿಸಿದ ನೀರನ್ನೇ ಕುದಿಸಿ ಗಟ್ಟಿ ಮಾಡಿ ಚೊಗರು ಮಾಡಬೇಕು, ಅದನ್ನು ಬಣ್ಣಕ್ಕೆ ಕೊಡಬೇಕು, ಅಟ್ಟದ ಮೇಲೆ ಹರವಿ ಬಿಸಿಲು ನೋಡಬೇಕು. ಮೋಡ ಬಂದರೆ ಓಡಬೇಕು. ಸಂಜೆ ಬೆರಳೆಲ್ಲ ಕಪ್ಪು. ಸೋಪು ಹಾಕಿದರೂ ಆ ಕಪ್ಪು ಹೋಗೋದಿಲ್ಲ. ನಮ್ಮ ಅಮ್ಮನ ಬೆರಳು ಸುಗ್ಗಿ ಮುಗಿದ ಮೇಲೂ ಎಷ್ಟೋ ದಿನ ಹಾಗೇ ಇರ್ತಿತ್ತು. ರಾಶಿ, ಬೆಟ್ಟೆ, ಸರಕು, ಕೆಂಪುಗೋಟು, ಬಿಳಿಗೋಟು, ಸಿಪ್ಪೆಗೋಟು ಅಂತ ಧಾರಣೆ ಪಟ್ಟಿಯಲ್ಲಿ ಇರೋದೆಲ್ಲ ಮರದಲ್ಲಿ ಬೆಳೆದ ಹೆಸರುಗಳಲ್ಲ. ಬಹಳಷ್ಟು ಅಂಗಳದಲ್ಲಿ ಹುಟ್ಟಿದವು. ಇದು ವ್ಯಾಲ್ಯೂ ಅಡಿಶನ್ ಅಲ್ವಾ? ಈ ಕೆಲಸಕ್ಕೆ ಹೊಸ ಹೆಸರಿಟ್ಟು ಬೋರ್ಡು ಹಾಕಿದರೆ, ನಿಮಗೆ ಗೊತ್ತಿಲ್ಲದ್ದನ್ನು ಕಲಿಸೋಕೆ ಬಂದಿದ್ದೇವೆ ಅಂದ ಹಾಗಾಗುತ್ತದೆ.

ಈಗ ಆಗಿರೋದು ಬೇರೆ. ಹುಡುಗರು ಬೆಂಗಳೂರಿಗೆ ಹೋದರು. ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ಅಡಕೆ ಕೊನೆ (ಗೊನೆ) ಇಳಿಸೋರು ಸಿಗಲ್ಲ, ಸುಲಿಯೋರು ಸಿಗಲ್ಲ. ಸುಮ್ನೆ ರಗಳೆ ಯಾಕೆ ಅಂತ ಹಸಿ ಅಡಕೆಯನ್ನೇ ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಕೊಟ್ಟುಬಿಡ್ತಾರೆ. ಅಂದರೆ ಅಂಗಳದಲ್ಲಿ ಉಳಿಯುತ್ತಿದ್ದ ದುಡ್ಡು ಹಸಿ ಕಾಯಿಯ ಜೊತೆ ಲಾರಿ ಹತ್ತುತ್ತದೆ. ತೀರ್ಥಹಳ್ಳಿ, ಹೊಸನಗರ, ಶೃಂಗೇರಿ ಕಡೆ ಎಲೆಚುಕ್ಕಿ ರೋಗ ಬೇರೆ. ಬಯಲಿನಲ್ಲಿ, ಚನ್ನಗಿರಿ, ಚಿತ್ರದುರ್ಗದ ಕಡೆ, ಬೋರ್‌ವೆಲ್ ನೀರಿಗೆ ತೋಟ ಏಳುತ್ತಲೇ ಇದೆ. ಆಮದು ಅಡಕೆಗೆ ಕಿಲೋಗೆ 351 ರೂಪಾಯಿಯ ಕನಿಷ್ಠ ಬೆಲೆ 2023ರಲ್ಲಿ ಆಯಿತು, ಆದರೂ ಪರದೇಶದ ಅಡಕೆ ಬರುತ್ತದೆ ಅನ್ನೋ ಹೆದರಿಕೆ ಹೋಗಿಲ್ಲ. ಇನ್ನು ಅಡಕೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ವಿಭಾಗ 2004ರಲ್ಲೇ ಬರೆದಿಟ್ಟಿದೆ. ಅದನ್ನು ನಮ್ಮ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಮಾತಾಡಲ್ಲ. ಅದಕ್ಕೇ ಹಲಸು, ಮುರುಗಲು, ಮೆಣಸು. ಒಂದೇ ಮರ ನಂಬಿ ಕೂರೋಕೆ ಆಗಲ್ಲ ಅನ್ನೋದು ಎಲ್ಲರಿಗೂ ಗೊತ್ತು. ‘ವೈವಿಧ್ಯೀಕರಣ’ ಅನ್ನೋ ಪದ ಮಾತ್ರ ಗೊತ್ತಿಲ್ಲ.

ಪುತ್ತೂರಿನಿಂದ:

ಈ ಪತ್ರಕ್ಕೆ ಕೈ ಮುಗಿದೆ.

ನಮ್ಮಲ್ಲೂ ಇದೇ ಕಥೆ. ಅಡಕೆಗೆ ಕೇಳೋರಿಲ್ಲ ಅನ್ನೋ ಕಾಲದಲ್ಲಿ, 1973ರಲ್ಲಿ, ಮಂಗಳೂರಿನಲ್ಲಿ ಅಡಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ ಹುಟ್ಟಿದ್ದು. ಆಮೇಲೆ ಅಡಕೆ ಮರದ ನೆರಳಿಗೆ ಕೊಕ್ಕೊ ಹಾಕಿದವರು, ಕೊಳ್ಳೋರು ಹಿಂದೆ ಸರಿದಾಗ ಬೀಜ ಹಿಡಿದುಕೊಂಡು ಕೂತರು. ಕ್ಯಾಂಪ್ಕೊ ಅದನ್ನೂ ಕೊಂಡಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಫ್ಯಾಕ್ಟರಿಯೇ ಬಂತು. ಊರಿನ ಬಾಯಲ್ಲಿ ಅದು ಇವತ್ತಿಗೂ ಚಾಕಲೇಟ್ ಫ್ಯಾಕ್ಟರಿ. ಯಾರೂ ಕೊಕ್ಕೊ ಮೌಲ್ಯವರ್ಧನಾ ಘಟಕ ಅನ್ನಲಿಲ್ಲ. ಒಳಗೆ ಏನು ಮಾಡ್ತಾರೋ ಅದೇ ಹೆಸರು.

ಶಿರಸಿಯಿಂದ:

ಅದೇ ನಾನು ಹೇಳೋದು. ಕನ್ನಡದಲ್ಲಿ ಇದಕ್ಕೊಂದು ಅಚ್ಚು ಇದೆ: ಆಲೆಮನೆ. ಕಬ್ಬು ಒಳಗೆ ಹೋಗಿ ಬೆಲ್ಲವಾಗಿ ಬರುತ್ತದೆ. ಅದಕ್ಕಿಂತ ದೊಡ್ಡ ವ್ಯಾಲ್ಯೂ ಅಡಿಶನ್ ಯಾವುದಿದೆ? ಅಡುಗೆಮನೆ ಹಾಗೇ, ಗಾಣದ ಮನೆ ಹಾಗೇ. ‘ಕೇಂದ್ರ’, ‘ಘಟಕ’ ಬಿಡಿ. ‘ಹಸನುಮನೆ’ ಅನ್ನಿ.

ದೋಟಿಯನ್ನೂ ನೋಡಿ. ಹಣ್ಣು ಕೀಳೋ ಬಿದಿರ ಕೋಲು ಅದು. ಈಗ ಮರ ಹತ್ತದೆ ನೆಲದಲ್ಲೇ ನಿಂತು ಅಡಕೆ ಕೊನೆ ಕೊಯ್ಯೋ ಕಾರ್ಬನ್ ಫೈಬರ್ ಕೋಲು ಬಂತು. ಅದಕ್ಕೂ ದೋಟಿ ಅಂತಲೇ ಹೆಸರಾಯಿತು. ಯಾವ ಸಮಿತಿಯೂ ಕೂತು ಪದ ಕಟ್ಟಲಿಲ್ಲ. ಬಿದಿರಿನ ದೋಟಿ ಕಾರ್ಬನ್ ದೋಟಿ ಆದ ಹಾಗೆ, ಕಾಳಿನ ಹಸನು ಚಿಪ್ಸಿನ ಹಸನೂ ಆಗುತ್ತದೆ. ‘ಬದುಕು ಹಸನಾಯಿತು’ ಅಂತೀವಲ್ಲ, ಬದುಕನ್ನು ಯಾರೂ ಕೇರಿ ಚೊಕ್ಕ ಮಾಡಿರೋದಿಲ್ಲ.

ಧಾರವಾಡದಿಂದ:

ದೋಟಿಯ ಮಾತು ಒಪ್ಪಿದೆ. ಹಸನಿನ ಮಾತು ಒಪ್ಪಲಿಲ್ಲ. ಇಂಥ ಒಂದೊಂದು ಪದವನ್ನೂ ಒಳಗೆ ಬಿಡುತ್ತಾ ಹೋದರೆ ಕೊನೆಗೆ ಕನ್ನಡದಲ್ಲಿ ಉಳಿಯೋದು ಪ್ರತ್ಯಯ ಮಾತ್ರ.

ಸಾಗರದ ಕಡೆಯಿಂದ, ಕೇಳಿದವಳು:

ಸ್ವಾಮಿ, ಮಂಡಿಯಲ್ಲಿ ಅರ್ಧ ಗಂಟೆ ನಿಂತುಕೊಳ್ಳಿ. ದಲಾಲಿ, ಬಾಕಿ, ವಸೂಲಿ, ರಸೀದಿ. ಅರಬ್ಬಿ, ಪಾರಸಿ ಎರಡೂ ಅಲ್ಲೇ ಇವೆ. ‘ರೈತ’ ಕೂಡ ಅರಬ್ಬಿಯಿಂದಲೇ ಬಂದದ್ದು. ಅದನ್ನು ತೆಗೆದು ಹಾಕಿದರೆ ನಮ್ಮಪ್ಪನನ್ನು ಏನಂತ ಕರೀಲಿ? ಕೊಟ್ಟಿರೋದೂ ಇದೆ. ಇಂಗ್ಲಿಷಿನ ‘ಅರೆಕಾ’ ಮಲಯಾಳದ ಅಡಯ್ಕದಿಂದ ಪೋರ್ಚುಗೀಸರ ಬಾಯಿ ದಾಟಿ ಹೋದದ್ದು. ನಮ್ಮ ಅಡಕೆಯ ಒಡಹುಟ್ಟು. ಸಾಮಾನು ಹಡಗು ಹತ್ತಿದಾಗ ಪದವೂ ಹತ್ತುತ್ತದೆ. ವ್ಯಾಪಾರ ಮಾಡೋ ಊರಿನ ಭಾಷೆ ಹೀಗೇ ಇರುತ್ತದೆ.

ಮೈಸೂರಿನಿಂದ:

ಇಷ್ಟು ಹೊತ್ತು ‘ಅಡಕೆ’ ಅಂತ ಬರೆಯುತ್ತಿದ್ದೀರಿ. ಬೋರ್ಡಿನಲ್ಲಿ ‘ಅಡಿಕೆ’ ಅಂತ ಬರೆಸಿಬಿಡಬೇಡಿ. ಪಟ್ಟಣದವರ ರೂಪ ಅದು.

ಪುತ್ತೂರಿನಿಂದ:

ನಾವು ಅಡಿಕೆ ಅಂತಲೇ ಬರೆಯೋದು. ತೋಟದಲ್ಲೇ ಇದ್ದೇವೆ.

ಬೆಂಗಳೂರಿನಿಂದ:

ಕೊನೆಯದಾಗಿ ಹೇಳುತ್ತೇನೆ. ನಾಳೆ ಸಹಾಯಧನಕ್ಕೆ ಅರ್ಜಿ ಹಾಕುವಾಗ ಕಚೇರಿಯಲ್ಲಿ ‘ಹಸನುಮನೆ’ ಅಂದರೆ ಯಾವ ಶೀರ್ಷಿಕೆಯಲ್ಲಿ ಸೇರಿಸಬೇಕು ಅಂತ ಕೇಳುತ್ತಾರೆ. ಆಗ ಮೌಲ್ಯವರ್ಧನೆಯೇ ಬೇಕಾಗುತ್ತದೆ. ಕಡೇಪಕ್ಷ ಕೆಳಗೆ ಒಂದು ಸಾಲು ಅಧಿಕೃತ ಪದ ಇರಲಿ.

ಸಾಗರದ ಕಡೆಯಿಂದ, ಕೇಳಿದವಳು:

ಅದು ನಿಜ. ಅರ್ಜಿಯಲ್ಲಿ ಮೌಲ್ಯವರ್ಧನೆ ಇರಲಿ, ನಾನೇ ಬರೆದುಕೊಡ್ತೇನೆ. ಬೋರ್ಡಿಗೆ ಹೀಗೆ ಕೊಟ್ಟಿದ್ದೇನೆ. ಮೇಲೆ ದೊಡ್ಡದಾಗಿ ‘ಹಸನುಮನೆ’. ಕೆಳಗೆ ‘ಹಲಸು, ಮುರುಗಲು, ಮೆಣಸು, ಹಾಳೆ ತಟ್ಟೆ’. ಡೈವರ್ಸಿಫಿಕೇಶನ್‌ಗೆ ಪದ ಹುಡುಕಲಿಲ್ಲ, ಆ ನಾಲ್ಕು ಹೆಸರೇ ಸಾಕು. ಅದರ ಕೆಳಗೆ ಸಣ್ಣದಾಗಿ ‘ತೋಟದ ಬೆಳೆಗಳ ಸಂಸ್ಕರಣಾ ಘಟಕ’, ಕಚೇರಿಯವರು ಬಂದರೆ ಇರಲಿ ಅಂತ. ಪೇಂಟರ್ ಬೆಳಗ್ಗೆ 9ಕ್ಕೆ ಬರ್ತಾನೆ.

ಮೈಸೂರಿನಿಂದ:

‘ಸಂಸ್ಕರಣ ಘಟಕ’. ಣಕ್ಕೆ ದೀರ್ಘ ಬೇಡ. ಅವನು ಬಣ್ಣ ಕಲಸುವ ಮೊದಲು ತಿದ್ದಿಸಿ.

ಸಾಗರದ ಕಡೆಯಿಂದ, ಕೇಳಿದವಳು:

ತಿದ್ದಿಸಿದೆ. ಹಲಸಿನ ಚಿಪ್ಸ್ ಪ್ಯಾಕೆಟ್ಟಿನ ಮೇಲೆ ‘ಬೆಸ್ಟ್ ಬಿಫೋರ್’ಗೆ ಏನು ಹಾಕೋದು ಅಂತ ಸಂಘದವರು ಈಗಲೇ ಕೇಳ್ತಿದ್ದಾರೆ. ಅದಕ್ಕೆ ಸೋಮವಾರ ಬೇರೆ ಪತ್ರ ಹಾಕ್ತೇನೆ.